ಕಡಲೆಕಾಯಿ ಬೇರಿನ ಬುತ್ತಿ

ಚಿಕ್ಕಲಕ್ಷ್ಮಮ್ಮನಿಗೆ ಗೇಣಗಲ ಹೊಲವೂ ಇರಲಿಲ್ಲ. ಆದರೂ ಮದಲೂರಿನಲ್ಲಿ ನಮ್ಮ ಹೊಲ ನಮಗೆ ಉಳಿದದ್ದು ಅವಳಿಂದ. ಇದನ್ನು ಯಾರಿಗೂ ಹೇಳದೆ ನಾನು ಸಾಯಬಾರದು.

ಮಹಾರಾಜರ ಕಾಲದ ಮಾತು. ಅವಳು ಕುರಿಯವರ ಪೈಕಿ. ಗಂಡನ ಜೊತೆ ಇನ್ನೂರು ಕುರಿ ಹೊಡೆದುಕೊಂಡು ಪಾವಗಡದಿಂದ ಶಿರಾದವರೆಗೆ ತಿರುಗುತ್ತಿದ್ದಳು. ಗೊಬ್ಬರ ಬೇಕಾದವರ ಬೀಳು ಹೊಲದಲ್ಲಿ ತಡಿಕೆ ಕಟ್ಟಿ ರಾತ್ರಿ ಕುರಿ ತರುಬುವುದು, ಅವರು ಕೊಟ್ಟ ರಾಗಿ ಕಟ್ಟಿಕೊಂಡು ಮುಂದಿನೂರಿಗೆ ಹೋಗುವುದು, ಇಷ್ಟೇ ಬದುಕು. ಬಾಯಿ ಮಾತ್ರ ಜೋರು. ಕುರಿಗಳೂ ಹೆದರುತ್ತಿದ್ದವು, ಗಂಡನೂ ಹೆದರುತ್ತಿದ್ದ.

ನಮ್ಮಪ್ಪ ತೀರಿಕೊಂಡ ವರ್ಷ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅಪ್ಪನ ಅಣ್ಣ ದೊಡ್ಡರಂಗಪ್ಪ ನಮ್ಮಮ್ಮನಿಗೆ, "ಓಬಳಮ್ಮ, ಇದೊಂದು ಬೆಳೆ ನೀನೇ ಮಾಡ್ನೋಡು. ಆಗ್ದಿದ್ರೆ ಹೊಲ ನಾನ್ ನೋಡ್ಕೊಂತೀನಿ, ನೀನು ಮಗೀನ ಕರ್ಕೊಂಡು ತವರಿಗೆ ಹೋಗು" ಅಂದುಬಿಟ್ಟಿದ್ದ. ಕೆಟ್ಟವನಲ್ಲ. ಹೆಂಗಸು ಬೇಸಾಯ ಮಾಡುವುದು ಅವನ ತಲೆಗೆ ಹತ್ತುತ್ತಿರಲಿಲ್ಲ, ಅಷ್ಟೆ. ಅಮ್ಮ ಕಡಲೆಕಾಯಿ ಬಿತ್ತಿ, ನಡುನಡುವೆ ಅಲಸಂದೆ ಸಾಲು ಹಾಕಿದಳು.

ಬೆಳೆಗೆ ತಿಂಗಳಾದಾಗ ಪಕ್ಕದ ನಮ್ಮ ಬೀಳಿನಲ್ಲಿ ಚಿಕ್ಕಲಕ್ಷ್ಮಮ್ಮನ ಕುರಿ ತರುಬಿಸಿದಳು. ಮೂರನೆಯ ಬೆಳಗ್ಗೆ, ಕುರಿಯವರು ಹೊರಡುವ ಮೊದಲೇ ರಾಗಿ ತಲುಪಿಸಬೇಕೆಂದು ಕುಕ್ಕೆ ಹೊತ್ತು ಬಂದು, ಬೆಳೆಯ ಕಡೆಯ ತಡಿಕೆ ಸರಿಸಿ ಒಳಗೆ ಹೋದಳು. ಚಿಕ್ಕಲಕ್ಷ್ಮಮ್ಮನ ಬಾಯಿಗೆ ಸಿಕ್ಕಿದ ಮೇಲೆ ಕೇಳಬೇಕೆ? ತಡಿಕೆ ಮುಚ್ಚುವುದು ಮರೆತೇಹೋಯಿತು. ಮಾತು ಮುಗಿಯುವಷ್ಟರಲ್ಲಿ ಮಂದೆಯೆಲ್ಲ ಹೊಲದಲ್ಲಿತ್ತು. ಹೊಡೆದು ಓಡಿಸಿ ನೋಡಿದರೆ ಎಲೆಯಿಲ್ಲ, ಕುಡಿಯಿಲ್ಲ, ಮೋಟು ಕಡ್ಡಿಗಳಷ್ಟೇ.

ಅಮ್ಮ ಬದುವಿನ ಮೇಲೆ ಕೂತು ಅತ್ತಳಂತೆ. ತಡಿಕೆ ಮುಚ್ಚದ ತಪ್ಪು ಅವಳದೇ. ಬೇರೆಯವರಾಗಿದ್ದರೆ ಕುರಿ ಹೊಡೆದುಕೊಂಡು ನಡೆದುಬಿಡುತ್ತಿದ್ದರು. ಚಿಕ್ಕಲಕ್ಷ್ಮಮ್ಮ ಗಂಡನನ್ನು ಮುಂದೆ ಕಳಿಸಿ ತಾನು ಉಳಿದಳು.

"ಅಳಬ್ಯಾಡ ಕಣಮ್ಮ. ಮ್ಯಾಲಿಂದು ಹೋಯ್ತು, ಕೆಳಗೇನೈತೆ ನೋಡಾಣ."

ಐದನೆಯ ದಿನ ದೊಡ್ಡಪ್ಪ ನೇಗಿಲು ಹೂಡಿಕೊಂಡು ಬಂದ. ಉತ್ತು ಹುರುಳಿ ಚೆಲ್ಲುತ್ತೇನೆ ಎಂದ. ಅಮ್ಮ ಬೇಡವೆಂದಾಗ ಒಂದು ಅಲಸಂದೆ ಗಿಡ ಕಿತ್ತು, ಬೇರಿನ ಮೇಲಿದ್ದ ಸಣ್ಣ ಗಂಟುಗಳನ್ನು ಹಿಸುಕಿ ತೋರಿಸಿದ. ಮೆತ್ತಗಾಗಿ ಹಸಿರು ನೀರು ಬಂತು. ಬೆಳೆಗೂ ಭೂಮಿಗೂ ಕಸುವು ಕೊಡುವುದು ಆ ಗಂಟೇ ಎಂದು ಅವನಿಗೂ ಗೊತ್ತಿತ್ತು.

"ಗಂಟೇ ಸತ್ತೈತೆ. ಇನ್ನೇನ್ ಕಾಯ್ತೀಯ?"

ಚಿಕ್ಕಲಕ್ಷ್ಮಮ್ಮ ಎತ್ತುಗಳ ಮುಂದೆ ಬಂದು ನಿಂತಳು. "ತಡ್ಯಪ್ಪೋ. ಅದು ಅಲಸಂದೆ. ಇದನ್ ನೋಡು" ಎಂದು ಕಡಲೆಕಾಯಿಯ ಮೋಟು ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿದಳು. ಒಳಗೆ ಇನ್ನೂ ಕೆಂಪಗಿತ್ತು, ಜೀವ ಇತ್ತು.

"ಗಂಟಿಗೆ ಕೂಳಿಕ್ಕೋದು ಎಲೆ. ಎಲೆ ಹೋದ್ರೆ ಅಲಸಂದೆ ಗಂಟು ನಾಕೇ ದಿನಕ್ಕೆ ಹಸ್ದು ಸಾಯ್ತೈತೆ. ಕಡ್ಲೆಕಾಯಿಂದು ಅಂಗಲ್ಲ, ಒಳಗೆ ಬುತ್ತಿ ಮಡಿಕ್ಕೊಂಡಿರ್ತೈತೆ. ಅದು ತೀರೋದ್ರೊಳಗೆ ಚಿಗುರು ಬಂದ್ರೆ ಗೆದ್ದಂಗೆ. ಎಂಟು ದಿನ ಬುಡು."

"ಕುರಿ ಕಾಯೋಳ್ಗೆ ಬ್ಯಾಸಾಯ ಏನ್ ಗೊತ್ತು?"

"ನೀನು ನಿನ್ನದೊಂದು ಹೊಲ ಕಂಡಿದೀಯ. ನಾನು ನನ್ ಕುರಿ ಮೇದಿರೋ ಊರೂರು ಹೊಲ ಕಂಡಿವ್ನಿ!"

ಎಷ್ಟು ಜನರ ಬೆಳೆಗೆ ಬಾಯಿ ಹಾಕಿಸಿದ್ದಳೋ, ತಾನಾಗಿಯೇ ಒಪ್ಪಿಕೊಂಡುಬಿಟ್ಟಳು. ದೊಡ್ಡಪ್ಪನಿಗೆ ನಗು ಬಂತು. ನಗುತ್ತಲೇ ನೊಗ ಬಿಚ್ಚಿದ.

ಅಲ್ಲಿಂದ ದಿನಾ ಬೆಳಗ್ಗೆ ಒಂದೊಂದು ಗಿಡ ಕಿತ್ತು ಸೀಳಿ ನೋಡುವುದು. ಕೆಂಪು ದಿನದಿಂದ ದಿನಕ್ಕೆ ಮಾಸುತ್ತಿತ್ತು. ಅಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ದೊಡ್ಡಪ್ಪ ಬಂದುಹೋದ ಏಳನೆಯ ದಿನ ಮೋಟುಗಳ ಗಿಣ್ಣಿನಲ್ಲಿ ಎಲೆ ಕಣ್ಣು ಬಿಟ್ಟಿತು. ಮತ್ತೆ ನಾಲ್ಕು ದಿನ ಕಳೆದು ಸೀಳಿದರೆ ಗಂಟು ಮತ್ತೆ ಕೆಂಪೇರಿತ್ತು. ಚಿಕ್ಕಲಕ್ಷ್ಮಮ್ಮ ಸೀರೆ ಕೊಡವಿಕೊಂಡು, "ಇನ್ ನನ್ ಗಂಡ ಕುರೀನೆಲ್ಲ ಎಲ್ಲಿ ಕಳ್ದವ್ನೋ" ಎಂದು ಬೈಯುತ್ತ ಪಾವಗಡದ ದಾರಿ ಹಿಡಿದಳು. ಆ ಹೊಲದ ಅನ್ನ ತಿಂದೇ ನಾನು ಬೆಳೆದೆ, ನನ್ನ ಮಕ್ಕಳೂ ಬೆಳೆದರು. ಅವಳನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಕಟಾವು ತಿಂಗಳು ತಡವಾಯಿತು. ಐದು ಚೀಲ ಆಗಬೇಕಾದ ಕಡೆ ಮೂರೇ ಆಯಿತು. ದೊಡ್ಡಪ್ಪ ರಾಶಿಯ ಹತ್ತಿರ ಬಂದು ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡ. ಎಷ್ಟೋ ಹೊತ್ತು ಅಗಿದ.

"ಮುಂದಿನ್ ಸಲ ಬಿತ್ತೋ ಮುಂಚೇನೇ ಹೇಳವ್ವ. ಎತ್ತು ಕಳಿಸ್ತೀನಿ."

ಅಮ್ಮ ಪಾವಗಡದ ದಾರಿಯ ಕಡೆ ತಿರುಗಿ, ಮಣ್ಣಾದ ಕೈಯಲ್ಲೇ ಕೈ ಮುಗಿದಳಂತೆ.