ಗ್ಲೈಡರ್ ಕಟ್ಟಿಹಾಕಿದ ಸೊಣ್ಣಮ್ಮ

ಸದ್ದು ಮಾಡದೆ ಬರುವವರನ್ನು ಸೊಣ್ಣಮ್ಮ ನಂಬುವವಳಲ್ಲ. ವೈಟ್‌ಫೀಲ್ಡ್ ದಾಟಿದ ಮೇಲೆ ಸಿಗುವ ಅವಳ ರಾಗಿ ಹೊಲದ ಪಕ್ಕದಲ್ಲೇ ಒಂದು ಪುಟ್ಟ ವಿಮಾನದ ಮೈದಾನವಿದೆ. ಅಲ್ಲಿ ಹಾರುವುದೆಲ್ಲ ಎಂಜಿನ್ ಇಲ್ಲದ ಗ್ಲೈಡರುಗಳು. ಉದ್ದನೆಯ ತಂತಿ ಕಟ್ಟಿ, ಯಂತ್ರದಿಂದ ರಭಸವಾಗಿ ಎಳೆದು, ಗಾಳಿಪಟದಂತೆ ಮೇಲಕ್ಕೆ ಬಿಡುತ್ತಾರೆ. ಆಮೇಲೆ ಅವು ಹದ್ದಿನ ಹಾಗೆ ಸುತ್ತುತ್ತಲೇ ಇರುತ್ತವೆ.

"ಸುಮ್ಸುಮ್ನೆ ಯಾರಾದ್ರೂ ಇಂಗೆ ಸುತ್ತಾರಾ? ಜಮೀನು ನೋಡ್ತಾವ್ರೆ ಕಣೇ" ಎಂದು ಸೊಸೆ ಶ್ಯಾಮಲಾಗೆ ಹೇಳುತ್ತಿದ್ದಳು. ಸೊಸೆ ನಗುತ್ತಿದ್ದಳು. ನಗುವವರಿಗೇನು ಗೊತ್ತು? ಸೊಣ್ಣಮ್ಮನ ತವರು ಕುಂದಲಹಳ್ಳಿ. ಅವಳಪ್ಪನ ಹೊಲವನ್ನೂ ಯಾರೋ ಮೊದಲು ಸುಮ್ಮನೆ ನೋಡಿಕೊಂಡು ಹೋಗಿದ್ದರು. ಆಮೇಲೆ ಬಂದು ಕಲ್ಲು ನೆಟ್ಟರು. ಈಗ ಅಲ್ಲಿ ಗಾಜಿನ ಕಟ್ಟಡ. ಸೆಕ್ಯೂರಿಟಿಯವನು ಅವಳನ್ನು ಗೇಟಿನೊಳಗೂ ಬಿಡುವುದಿಲ್ಲ. ಉಳಿದಿರುವುದು ಗಂಡನ ಮನೆಯ ಈ ಒಂದು ಹೊಲ. ಇದೂ ಹೋದರೆ ತನ್ನದು ಎನ್ನುವುದಕ್ಕೆ ಏನೂ ಇಲ್ಲವೆಂಬ ದಿಗಿಲು ಅವಳದು.

ರಾಗಿ ಕೊಯ್ದಾದ ಮೇಲೆ ಒಂದು ಮಧ್ಯಾಹ್ನ ಗಾಳಿ ಕೈಕೊಟ್ಟು, ಗ್ಲೈಡರೊಂದು ಮೈದಾನ ಮುಟ್ಟಲಾರದೆ ಅವಳ ಹೊಲಕ್ಕೇ ಇಳಿದು, ಬದುವಿನ ಹೊಂಗೆಮರದ ಹತ್ತಿರ ನಿಂತಿತು. ಹೊಲಕ್ಕೆ ನುಗ್ಗಿದ ದನವನ್ನು ಕಟ್ಟಿಹಾಕಿಕೊಂಡು, ಯಜಮಾನ ಬಂದು ತಪ್ಪೊಪ್ಪಿಕೊಂಡ ಮೇಲೆ ಬಿಡುವುದು ಆ ಕಡೆಯ ರೂಢಿ. ಸೊಣ್ಣಮ್ಮನೂ ಹಾಗೇ ಮಾಡಿದಳು. ಹಸುವಿನ ಹಗ್ಗ ಬಿಚ್ಚಿ ತಂದು, ಗ್ಲೈಡರಿನ ಬಾಲಕ್ಕೆ ಬಿಗಿದು, ಮರಕ್ಕೆ ಕಟ್ಟಿಹಾಕಿದಳು. ಒಳಗಿಂದ ಇಳಿದ ನಡುವಯಸ್ಸಿನ ಪೈಲಟ್ ವಿಶ್ವನಾಥ್ ಕಣ್ಣುಕಣ್ಣು ಬಿಟ್ಟ.

"ಯಾರಪ್ಪಾ ಕಳ್ಸಿದ್ದು ನಿನ್ನ? ಬಿಲ್ಡರಾ?"

"ಯಾರೂ ಇಲ್ಲಮ್ಮ, ಗಾಳಿ ನಿಂತೋಯ್ತು, ಇಳಿದ್ಬಿಟ್ಟೆ. ಸುತ್ತ ಎಲ್ಲಾ ಬಿಲ್ಡಿಂಗೇ. ಇಳಿಯೋಕೆ ಉಳಿದಿರೋದು ನಿಮ್ಮ ಹೊಲ ಒಂದೇ. ದಯವಿಟ್ಟು ಇದನ್ನ ಮಾರ್ಬೇಡಿ."

ಸೊಣ್ಣಮ್ಮ ತಬ್ಬಿಬ್ಬಾದಳು. ಇಷ್ಟು ವರ್ಷ ಬಂದವರೆಲ್ಲ ಮಾರು ಎಂದವರೇ. ಮಾರಬೇಡ ಎನ್ನುವವನ ಹೊಟ್ಟೆಯೊಳಗೆ ಇನ್ನೆಂಥ ಸಂಚಿರಬೇಕು!

"ಮಣ್ಣು ಮುಟ್ಟಿ ಆಣೆ ಮಾಡು" ಎಂದಳು.

ಆತ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. "ಆಣೆಗೂ ನಂಗೆ ಈ ಹೊಲದ ಮೇಲೆ ಆಸೆ ಇಲ್ಲಮ್ಮ. ಇದು ನನ್ನ ಪ್ರಾಣ ಉಳಿಸ್ತು, ಅಷ್ಟೇ."

ಅವಳು ಹಗ್ಗ ಬಿಚ್ಚಿದಳು. ಕುಡಿಯಲು ಮಜ್ಜಿಗೆಯನ್ನೂ ಕೊಟ್ಟಳು. ಅನುಮಾನ ಮಾತ್ರ ಹೋಗಲಿಲ್ಲ. ಈಗಲೂ ತಲೆಯ ಮೇಲೆ ಗ್ಲೈಡರ್ ಸುಳಿದರೆ ಸಾಕು, ಸೊಣ್ಣಮ್ಮ ಊಟ ಬಿಟ್ಟು ಎದ್ದು ಹೋಗಿ ಬದುವಿನ ಮೇಲೆ ನಿಲ್ಲುತ್ತಾಳೆ. ಹೊಲಕ್ಕೆ ಒಡತಿ ಇದ್ದಾಳೆಂದು ಮೇಲಿನವರಿಗೆ ಕಾಣಬೇಕು. ಹೊಲದ ನಡುವೆ ನಿಲ್ಲುವುದಿಲ್ಲ. ಪಾಪ, ಇಳಿಯುವವರಿಗೆ ಜಾಗ ಬೇಕಲ್ಲ.