ಸೋಫಾ ಅಕ್ಕ ಏನನ್ನೂ ಎತ್ತಲಿಲ್ಲ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಸೋಫಾ ಅಕ್ಕ ಎಂದು. ಕುಸಿದ ಸೋಫಾಗಳ ಒಡಲು ಬಿಚ್ಚಿ, ಹಳೆಯ ನಾರು ಕಿತ್ತು, ಹೊಸ ಸ್ಪಂಜು ತುಂಬಿ ಬಟ್ಟೆ ಬಿಗಿಯುವ ಕೆಲಸದಲ್ಲಿ ಮೂವತ್ತೈದು ವರ್ಷ ಕಳೆದಿದ್ದಳು. ಆ ನಾರಿನ ಧೂಳು ಅವಳಿಗೆ ಒಂದು ಕೆಮ್ಮನ್ನು ಅಂಟಿಸಿತ್ತು. ಅಂಗಡಿಗೆ ಮೊದಲು ಕೆಮ್ಮು ಬರುತ್ತದೆ, ಆಮೇಲೆ ಅಕ್ಕ ಬರುತ್ತಾಳೆ ಎಂದು ಜೊತೆಗೇ ಕೆಲಸ ಮಾಡುವ ತಮ್ಮ ನಗುತ್ತಿದ್ದ.

ಅರವತ್ತೇಳಕ್ಕೆ ಹೊಸದೊಂದು ಕಾಟ ಶುರುವಾಯಿತು. ನಾಲ್ಕು ತುತ್ತು ತಿಂದರೆ ಎದೆ ತುಂಬಿ ಬರುತ್ತಿತ್ತು, ಬಗ್ಗಿದರೆ ಹುಳಿನೀರು ಗಂಟಲಿಗೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಡಾಕ್ಟರು ಹೃದಯ ಚೆನ್ನಾಗಿದೆ ಎಂದು ಕಳಿಸಿದರು. ಕೊನೆಗೆ ಸ್ಕ್ಯಾನಿನಲ್ಲಿ ಕಾರಣ ಸಿಕ್ಕಿತು.

"ಹೊಟ್ಟೆಗೂ ಎದೆಗೂ ಮಧ್ಯೆ ಒಂದು ಪರದೆ ಇರತ್ತೆ ಅಮ್ಮ," ಎಂದರು ಆಪರೇಷನ್ ಮಾಡುವ ಡಾಕ್ಟರಮ್ಮ. "ಅನ್ನನಾಳ ಇಳಿಯೋಕೆ ಅದರಲ್ಲೊಂದು ಕಿಂಡಿ. ನಿಮ್ಮ ಕಿಂಡಿ ಅಗಲ ಆಗಿ, ಅರ್ಧ ಜಠರ ಎದೆಗೆ ಹತ್ತಿ ಕೂತಿದೆ."

"ಕೆಳಗೆ ಎಳೆದು ಹೊಲೀರಿ ಮತ್ತೆ. ಹೊಲಿಗೆ ನನಗೂ ಗೊತ್ತು."

"ಹೊಲೀತೀವಿ. ಕ್ಯಾಮೆರಾ ಹಾಕಿ ಐದು ಸಣ್ಣ ರಂಧ್ರದಲ್ಲೇ ಮುಗಿಸ್ತೀವಿ. ಆದ್ರೆ ಹೊರಗಿನ ಗಾಯ ಸಣ್ಣದು ಅಂತ ಒಳಗಿನ ಕೆಲಸ ಸಣ್ಣದಲ್ಲ. ನಿಮಗೆ ರಕ್ತ ಕಡಿಮೆ, ತೂಕ ಜಾಸ್ತಿ, ಕೆಮ್ಮು ಬೇರೆ. ಕೆಮ್ಮಿದಾಗಲೆಲ್ಲ ಹೊಲಿಗೆ ಜಗ್ಗತ್ತೆ. ಅದನ್ನೆಲ್ಲ ಒಂದಿಷ್ಟು ಹತೋಟಿಗೆ ತನ್ನಿ, ಆಮೇಲೆ ಮಾಡೋಣ."

"ವಯಸ್ಸು?"

"ಅದನ್ನ ಇಳಿಸೋ ಔಷಧಿ ನನ್ನ ಹತ್ರ ಇಲ್ಲ."

ಮೂರು ತಿಂಗಳು ಅಕ್ಕ ಹಲ್ಲುಕಚ್ಚಿ ಹೇಳಿದ್ದನ್ನೆಲ್ಲ ಮಾಡಿದಳು. ಕಬ್ಬಿಣದ ಮಾತ್ರೆ ನುಂಗಿದಳು, ಕೆಮ್ಮಿಗೆ ಇನ್ಹೇಲರ್ ಎಳೆದುಕೊಂಡಳು, ನಾರು ಕೀಳುವ ಕೆಲಸವನ್ನು ತಮ್ಮನಿಗೆ ಬಿಟ್ಟಳು. ಇಷ್ಟವಿಲ್ಲದ ನಡಿಗೆಗೆ ದಿನವೂ ಬೈಯುತ್ತ ಹೋದಳು. ಆರು ಕಿಲೋ ಇಳಿದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಮನೆಗೂ ಬಂದಳು.

ಮನೆಯಲ್ಲಿ ಐದನೆಯ ದಿನ ಮಧ್ಯಾಹ್ನ ವಾಂತಿ ಶುರುವಾಯಿತು. ಹೊಟ್ಟೆಯಲ್ಲಿ ಏನೂ ಇಲ್ಲ, ಬರೀ ಓಕರಿಕೆ. ಕರುಳು ಕಿತ್ತು ಬಾಯಿಗೆ ಬಂದಂತೆ.

"ಗ್ಯಾಸು ಅಕ್ಕ. ಬಿಸಿನೀರು ಕುಡಿದು ಮಲಗು, ಇಳಿಯತ್ತೆ," ಎಂದ ತಮ್ಮ.

ಇಳಿಯಲಿಲ್ಲ. ಮರುದಿನ ಬೆಳಗ್ಗೆ ಗುಟುಕು ನೀರೂ ಒಳಗೆ ನಿಲ್ಲಲಿಲ್ಲ, ಎದೆ ಹಿಂಡತೊಡಗಿತು. ಆಸ್ಪತ್ರೆಗೆ ಒಯ್ದಾಗ ಜಠರ ಮತ್ತೆ ಮೇಲಕ್ಕೆ ಜಾರಿತ್ತು. ಅಂದೇ ಎರಡನೆಯ ಆಪರೇಷನ್. ಅದರ ಬೆನ್ನಿಗೇ ನ್ಯುಮೋನಿಯಾ. ಹದಿನೆಂಟು ದಿನ ಹಾಸಿಗೆ.

ಕಾಯಿಲೆಗಿಂತ ಅವಳನ್ನು ಹೆಚ್ಚು ಸುಟ್ಟದ್ದು ನೋಡಲು ಬಂದವರ ಬಾಯಿ. ಪಕ್ಕದ ಅಂಗಡಿಯ ಬೀಗದವನು ಮಂಚದ ಪಕ್ಕ ಕೂರುವ ಮೊದಲೇ ಕೇಳಿದ, "ಏನು ಎತ್ತಿದ್ರಿ ಅಕ್ಕ?" ನಾದಿನಿ, "ಬಾಯಿ ಕಟ್ಟಲಿಲ್ಲ ಅನ್ಸತ್ತೆ," ಎಂದಳು. ತಮ್ಮನೂ ಎಲ್ಲರೆದುರು, "ಇವಳು ಸುಮ್ನೆ ಕೂರೋ ಜಾತಿ ಅಲ್ಲ," ಎಂದು ತಾಳ ಹಾಕಿದ. ಒಂದು ದಿಂಬನ್ನೂ ಎತ್ತಿರದ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. ಉತ್ತರ ಕೊಡಲು ಉಸಿರೂ ಸಾಲುತ್ತಿರಲಿಲ್ಲ.

ಮಾತಿಗೆ ಉಸಿರು ಸಾಲುವಂತಾದ ದಿನ ಡಾಕ್ಟರಮ್ಮನನ್ನೇ ಹಿಡಿದಳು. ತಮ್ಮ ಪಕ್ಕದಲ್ಲೇ ನಿಂತಿದ್ದ.

"ನೀವು ಹೇಳಿದ ಒಂದನ್ನೂ ನಾನು ಬಿಡಲಿಲ್ಲ. ಎಲ್ಲಾ ಹೊಳೇಲಿ ಹುಣಸೆಹಣ್ಣು ತೇದ ಹಾಗಾಯ್ತಲ್ಲ! ನಾನು ಮಾಡಿದ ತಪ್ಪಾದ್ರೂ ಏನು?"

"ತಪ್ಪು ಅಂತ ಯಾರು ಹೇಳಿದ್ದು? ಕಿಂಡಿ ದೊಡ್ಡದಿತ್ತು, ವಯಸ್ಸಾಗಿದೆ, ಶ್ವಾಸಕೋಶ ಹಳೇ ಧೂಳು ತಿಂದಿದೆ. ಇಂಥವರಿಗೆ ತೊಂದರೆ ಆಗೋ ಸಾಧ್ಯತೆ ಜಾಸ್ತಿ. ನೀವು ಮಾಡಿದ್ದರಿಂದ ಅದು ಕಡಿಮೆ ಆಯ್ತು ಅಷ್ಟೆ, ಪೂರ್ತಿ ಹೋಗಲಿಲ್ಲ. ವಾಂತಿ ಬಂದ ತಕ್ಷಣ ಬನ್ನಿ ಅಂತ ಚೀಟೀಲಿ ಬರೆದಿದ್ದೆ. ಕೂರಿಸಿಕೊಂಡು ಹೇಳಬೇಕಿತ್ತು. ಅದು ನನ್ನ ತಪ್ಪು."

"ಸಾಧ್ಯತೆ, ಸಾಧ್ಯತೆ!" ಅಕ್ಕ ಚಾದರವನ್ನು ಮುದ್ದೆ ಮಾಡಿದಳು. "ನಿಮಗೆ ಅದು ಲೆಕ್ಕ. ನನಗೆ ಹೊಟ್ಟೆ."

ಡಾಕ್ಟರಮ್ಮ ಆ ಚಾದರವನ್ನು ಬಿಡಿಸಿ ಹೊದಿಸಿದರು. ಅವರು ಹೋದ ಮೇಲೆ ತಮ್ಮ ನೆಲ ನೋಡುತ್ತ, "ಗ್ಯಾಸು ಅಂದವನು ನಾನು. ಒಂದಿಡೀ ದಿನ ಹಾಳು ಮಾಡಿದೆ," ಎಂದ.

"ಗೊತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನಾಗಿ ಯಾವಾಗ ಬಾಯಿ ಬಿಡ್ತೀಯ ಅಂತ ನೋಡ್ತಿದ್ದೆ. ಹದಿನಾರು ದಿನ ತಗೊಂಡೆಯಲ್ಲೋ!"

ಅಂದು ಸಂಜೆ ನಾದಿನಿ ಬಂದು ಹಳೆಯ ರಾಗ ಎತ್ತಿದಾಗ ತಮ್ಮನೇ ಅಡ್ಡ ಬಂದು, ನಡೆದದ್ದನ್ನು ಇದ್ದ ಹಾಗೆ ಹೇಳಿದ. ಅಕ್ಕ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

ಐದು ತಿಂಗಳಾದ ಮೇಲೆ ಅಂಗಡಿಗೆ ಮರಳಿದಳು. ಈಗ ಅರ್ಧ ದಿನ ಎತ್ತರದ ಸ್ಟೂಲಿನ ಮೇಲೆ ಕೂತು ಬಟ್ಟೆ ಕತ್ತರಿಸುತ್ತಾಳೆ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದಿಲ್ಲ, ಹುಳಿನೀರು ಬರುವುದಿಲ್ಲ. ಅಷ್ಟರಮಟ್ಟಿಗೆ ಡಾಕ್ಟರಮ್ಮನ ಹೊಲಿಗೆ ನಿಂತಿದೆ. ಆದರೆ ಆ ಹೊಲಿಗೆಯ ಬಿಗಿತಕ್ಕೆ ತೇಗು ಬರುವುದಿಲ್ಲ. ಗಾಳಿ ಒಳಗೇ ಸುತ್ತಿ ಸುತ್ತಿ ಹೊಟ್ಟೆ ತಮಟೆಯಾಗುತ್ತದೆ. ಆಗ ಕತ್ತರಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಅಂಗಡಿಯ ಉದ್ದಕ್ಕೂ ಓಡಾಡುತ್ತ ಯಾರಿಗೆಂದಿಲ್ಲದೆ ಬೈಯುತ್ತಾಳೆ. ತಮ್ಮ ಪಕ್ಕದಲ್ಲಿ ನಾರು ಕೀಳುತ್ತಿರುತ್ತಾನೆ.