ದೊಡ್ಡಮ್ಮ ಸೀಳಿದ ಕಲ್ಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ದೊಡ್ಡಮ್ಮನಿಗೆ ಆದದ್ದನ್ನು ಕಣ್ಣಾರೆ ಕಂಡೂ ಕೋಪ ಬರಲಿಲ್ಲವೆಂದರೆ ಅದೂ ಒಂದು ಜನ್ಮವೇ?

ನನ್ನ ಅಮ್ಮನ ಅಕ್ಕ ಅವಳು. ಚಪ್ಪಡಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಕಲ್ಲು ಸೀಳುತ್ತಾಳೆ. ಪದರ ಪದರವಾಗಿರುವ ಬೂದು ಕಲ್ಲು. ಅಂಚಿನ ಹತ್ತಿರ ಕಿವಿಯಿಟ್ಟು ಸುತ್ತಿಗೆಯಿಂದ ತಟ್ಟಿದರೆ ಪದರ ಎಲ್ಲಿ ಬಿಡುತ್ತದೆಂದು ಅವಳಿಗೆ ಸದ್ದಿನಲ್ಲೇ ತಿಳಿಯುತ್ತದೆ. ಅಲ್ಲಿಗೆ ಅಗಲವಾದ ಉಳಿಯಿಟ್ಟು ಎರಡು ಏಟು ಹಾಕಿದರೆ ಕಲ್ಲು ಎರಡು ಹೋಳು. ಸೀಳುವ ಮೊದಲು, ಗರಗಸದಲ್ಲಿ ಕೊಯ್ದದ್ದು ಯಾವ ಬಂಡೆಯ ಎಷ್ಟನೇ ತುಂಡು, ಮೇಲ್ಮೈ ಯಾವ ಕಡೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಲೇಬೇಕು. "ಯಾವುದರ ಪಕ್ಕ ಯಾವುದು ಅಂತ ಗೊತ್ತಿರ್ಬೇಕು ಕಣೇ. ನೆಲದಲ್ಲಿ ಬಣ್ಣ ಹೊಂದಲಿಲ್ಲ ಅಂದ್ರೆ ಗಿರಾಕಿ ಬೈಯೋದು ನಮ್ಮನ್ನೇ" ಎನ್ನುತ್ತಾಳೆ. ಅದೇ ಕಾರ್ಖಾನೆಯಲ್ಲಿ ಪಾಲಿಶ್ ಚಕ್ರ ನನ್ನ ಪಾಲಿಗೆ ಬಂದ ಕೆಲಸ.

ಒಂದು ಸೋಮವಾರ ಅವಳು ಸೀಳಿದ ತುಂಡಿನ ಕೆಳಹೋಳಿನಲ್ಲಿ ಪುಟ್ಟ ಗುಳಿಗಳು ಕಂಡವು. ಎಡಕ್ಕೊಂದು, ಬಲಕ್ಕೊಂದು, ಎಳೆಮಗುವಿನ ಅಂಗೈಯಷ್ಟು, ಬೆರಳುಗಳೆಲ್ಲ ಸ್ಪಷ್ಟವಾಗಿ. ಅವಳು ಅದನ್ನು ಬದಿಗೆ ಎತ್ತಿಟ್ಟು ಮ್ಯಾನೇಜರನ್ನು ಕರೆಯಲು ಹೋದಳು. ಮೇಲಿನ ಹೋಳು ಎಂದಿನಂತೆ ನನ್ನ ಚಕ್ರಕ್ಕೆ ಬಂತು. ಕೆಳಗೆ ಗುಳಿ ಇದ್ದಲ್ಲೆಲ್ಲ ಇದರಲ್ಲಿ ಉಬ್ಬು. ಉಬ್ಬು ತೆಗೆಯುವುದಕ್ಕೇ ನನಗೆ ಸಂಬಳ. ನಿಂತು ನೋಡಿದೆನೇ? ಎಲ್ಲಿಂದ! ಕಾಲು ಗಂಟೆಯಲ್ಲಿ ಕನ್ನಡಿ ಮಾಡಿ ಕಳಿಸಿದೆ.

ಮರುದಿನ ಮ್ಯೂಸಿಯಮ್ಮಿನ ತಜ್ಞರು ಬಂದರು. ಮಂಡಿಯೂರಿ, ಭೂತಗನ್ನಡಿ ಹಿಡಿದು ನೋಡಿದರು. ನೀರು ಬಿಟ್ಟು ನಾಲ್ಕು ಕಾಲಲ್ಲಿ ನೆಲದ ಮೇಲೆ ಓಡಾಡಲು ಕಲಿತ ಪ್ರಾಣಿಗಳ ಹೆಜ್ಜೆಗಳು ಹೀಗೇ ಇರುತ್ತವೆ, ಮೂವತ್ತು ಕೋಟಿ ವರ್ಷ ಹಳೆಯವು ಎಂದರು. ಆಮೇಲೆ, "ಇದರ ಇನ್ನೊಂದು ಹೋಳು ಎಲ್ಲಿ?" ಎಂದು ಕೇಳಿದರು. ನಾನು ಫಳಫಳ ಹೊಳೆಯುತ್ತಿದ್ದ ಚಪ್ಪಡಿಯನ್ನು ತೋರಿಸಿದೆ.

ಅವರು ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದರು. "ನಿಜವಾದ ಹೆಜ್ಜೆ ಅನ್ನೋಕೆ ಸಾಕ್ಷಿಯಾಗ್ಬೇಕಿದ್ದ ಜೋಡಿ ಹೋಳು ಮಾಯ! ಸಿಕ್ಕಿದ್ದು ಉಳಿ ಹಿಡಿಯೋರ ಕೈಗೆ! ಕೆತ್ತನೆ ಚೆನ್ನಾಗಿದೆ ಅಮ್ಮ, ಆದ್ರೆ ನಮ್ಮ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ."

ನಲವತ್ತು ಜನ ಕೆಲಸಗಾರರ ಮುಂದೆ ಈ ಮಾತು. ಮ್ಯಾನೇಜರನಿಗೆ ಅಷ್ಟು ಸಾಕಾಯಿತು. "ಕಾರ್ಖಾನೆ ಮಾನ ಕಳೆದೆಯಲ್ಲ! ನಾಳೆಯಿಂದ ಬರಬೇಡ."

ಮನೆಗೆ ಬಂದರೆ ದೊಡ್ಡಪ್ಪನದು ಬೇರೆ ತಮಾಷೆ. "ನೆಟ್ಟಗೆ ಒಂದು ಗೀಟು ಎಳೆಯೋಕೆ ಬರಲ್ಲ ನಿಂಗೆ. ನೀನೇ ಕೆತ್ತಿದ್ದು ಅಂದ್ರಲ್ಲ, ಖುಷಿಪಡು!" ದೊಡ್ಡಮ್ಮ ಎಸೆದ ಸೌಟು ಅವನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ನಾನು ಅಳುತ್ತಾ ತಪ್ಪಾಯಿತು ಎಂದೆ.

"ನಿನ್ನ ಕಣ್ಣೇನು ಬಾಡಿಗೆಗೆ ಕೊಟ್ಟಿದ್ಯೇನೇ, ಮೂದೇವಿ?" ಎಂದು ಚೆನ್ನಾಗಿ ಉಗಿದಳು. ಆಮೇಲೆ ಇದ್ದಕ್ಕಿದ್ದಂತೆ ಬೆರಳು ಮಡಚಿ ಎಣಿಸತೊಡಗಿದಳು. "ಅದು ಹನ್ನೆರಡನೇ ಬಂಡೆಯ ಮೂರನೇ ತುಂಡು. ಅದರ ಪಕ್ಕದ ನಾಲ್ಕನೇದು ಇನ್ನೂ ಸೀಳಿಲ್ಲ. ಆ ಪ್ರಾಣಿ ಏನು ನಮ್ಮ ಗರಗಸ ನೋಡಿ ಅಲ್ಲೇ ನಿಂತ್ಕೊಳ್ತಾ? ಮುಂದೆ ಹೋಗಿರುತ್ತೆ. ಆ ಮನುಷ್ಯನ್ನ ಕರ್ಕೊಂಡು ಬಾ."

ಮೂರು ದಿನ ತಜ್ಞರ ಕೋಣೆಯ ಬಾಗಿಲಲ್ಲಿ ಕೂತೆ. ನನ್ನ ಕಾಟ ತಾಳಲಾರದೆ ಕಾರ್ಖಾನೆಗೆ ಬಂದರು. ಅವರ ಬೆನ್ನಿಗೇ ಒಳಬಂದ ದೊಡ್ಡಮ್ಮನನ್ನು ತಡೆಯಲು ಮ್ಯಾನೇಜರನಿಗೆ ಆಗಲಿಲ್ಲ.

ದೊಡ್ಡಮ್ಮ ಮೊದಲ ಕಲ್ಲಿನ ಹೆಜ್ಜೆಗಳ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆದು, ಸೀಳದ ತುಂಡಿನ ಮೇಲೆ ಎರಡು ಸುತ್ತು ಬರೆದಳು. "ಇಲ್ಲಿ ಎಡಗಾಲು, ಇಲ್ಲಿ ಬಲಗಾಲು." ಪದರ ಒಂದು ಕೂದಲೆಳೆ ತಪ್ಪಿದರೂ ಅವಳು ಸಾಯುವವರೆಗೆ ಮೋಸಗಾರ್ತಿಯೇ. ತಟ್ಟಿದಳು, ಕೇಳಿದಳು, ಉಳಿ ಸರಿಸಿದಳು. ಎರಡು ಏಟು.

ಹೋಳು ಬಿಚ್ಚಿತು. ಸುತ್ತು ಬರೆದಲ್ಲೇ ಕೆಳಗೆ ಎರಡು ಗುಳಿ, ಮೇಲೆ ಎರಡು ಉಬ್ಬು.

"ಅಬ್ಬಬ್ಬಾ!" ತಜ್ಞರು ಕ್ಯಾಮೆರಾ ಹೊರತೆಗೆದರು. "ಯಾರೂ ಮುಟ್ಟಬೇಡಿ! ಅಮ್ಮ, ಸ್ವಲ್ಪ ಪಕ್ಕಕ್ಕೆ ಬನ್ನಿ, ಫೋಟೊ ಮೇಲೆ ನಿಮ್ಮ ನೆರಳು ಬೀಳ್ತಿದೆ."

ದೊಡ್ಡಮ್ಮ ಮೇಲಿನ ಹೋಳನ್ನು ಇದ್ದಂತೆಯೇ ಮುಚ್ಚಿ, ಅದರ ಮೇಲೆ ಗಟ್ಟಿಯಾಗಿ ಕೂತಳು. "ನಲವತ್ತು ಜನರ ಮುಂದೆ ಅಂದಿದ್ದು, ಅದೇ ನಲವತ್ತು ಜನರ ಮುಂದೆ ವಾಪಸ್ ತಗೊಳ್ಳಿ."

"ಏಳಮ್ಮ, ದೊಡ್ಡವರ ಹತ್ರ ಹೀಗಾ ಮಾತಾಡೋದು?" ಎಂದು ಮ್ಯಾನೇಜರ್ ಓಡಿಬಂದ. ನಾನು ಹೋಗಿ ನನ್ನ ಚಕ್ರ ನಿಲ್ಲಿಸಿದೆ. ಒಬ್ಬೊಬ್ಬರಾಗಿ ಉಳಿದವರೂ ನಿಲ್ಲಿಸಿದರು. ಇಡೀ ಕಾರ್ಖಾನೆ ಸ್ತಬ್ಧವಾಯಿತು.

ತಜ್ಞರು ಏನೋ ಗೊಣಗಿದರು.

"ಕೇಳಿಸ್ಲಿಲ್ಲ" ಎಂದಳು, ಕಲ್ಲಿನೊಳಗಿನ ಸದ್ದು ಕೇಳಿಸಿಕೊಳ್ಳುವ ನನ್ನ ದೊಡ್ಡಮ್ಮ.

"ತಪ್ಪಾಯ್ತು! ನೀವು ಕೆತ್ತಿದ್ದಲ್ಲ!"

ಆಗ ಎದ್ದಳು. ಹೋಳು ತೆಗೆದು ಪಕ್ಕದಲ್ಲೇ ನಿಂತಳು. "ಈಗ ತೆಗೀರಿ ಫೋಟೊ. ನಾನು ಸರಿಯಲ್ಲ."

ಆ ಫೋಟೊ ಈಗ ಮ್ಯೂಸಿಯಮ್ಮಿನ ಗೋಡೆಯಲ್ಲಿದೆ. ಹೋಗಿ ನೋಡಿದೆ. ದೊಡ್ಡಮ್ಮನನ್ನು ಕತ್ತರಿಸಿ ಹಾಕಿದ್ದಾರೆ, ಹಾಳಾದವರು. ಹೆಜ್ಜೆಗೆ ಅಷ್ಟು ಹತ್ತಿರ ನಿಂತಿದ್ದರಿಂದ ಅವಳ ಬರಿಗಾಲಿನ ಐದು ಬೆರಳನ್ನು ಮಾತ್ರ ಕತ್ತರಿಸಲು ಅವರಿಂದ ಆಗಿಲ್ಲ.